ಕರಟದ ಕಾರ್ಬನ್ನು ಮತ್ತು ಬಣ್ಣದ ನೀರು: ಹಾಸನದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ,

ಸಾರ್, ನೇರವಾಗಿ ವಿಷಯಕ್ಕೆ ಬರ್ತೀನಿ. ಹಾಸನದಲ್ಲಿ ಟೆಕ್ಸ್‌ಟೈಲ್ ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಇದೆ, ನಾಳೆ ಬಟ್ಟೆಗೆ ಬಣ್ಣ ಹಾಕೋ ಚಿಕ್ಕ ಡೈಯಿಂಗ್ ಯೂನಿಟ್‌ಗಳೂ ಬರಬಹುದು. ಅವುಗಳ ಬಣ್ಣದ ನೀರಿಗೆ ಕರಟದ ಆಕ್ಟಿವೇಟೆಡ್ ಕಾರ್ಬನ್, ಅಂದ್ರೆ ಬಣ್ಣ ಹೀರೋ ಹಾಗೆ ಹದ ಮಾಡಿದ ಇದ್ದಿಲು, ಆಗುತ್ತಾ ಅಂತ ಈಗ್ಲೇ ಒಂದು ಟ್ರಯಲ್ ಮಾಡ್ಸಿ, ಆದ್ರೆ ಲ್ಯಾಬಿನ ಗಾಜಿನ ಲೋಟದಲ್ಲಿ ಬೇಡ, ಅಸಲಿ ಕೊಳಕು ನೀರಲ್ಲೇ ಆಗ್ಲಿ.

ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಕೊಬ್ಬರಿ ಬಿಡಿಸಿದ ಮೇಲೆ ಎಷ್ಟು ಕರಟ ಉಳಿಯುತ್ತೆ ಅಂತ ನಿಮಗೆ ಹೇಳ್ಬೇಕಾ? ಸಕಲೇಶಪುರದ ಕಡೆ ಕಾಫಿ ಹೊಟ್ಟು ಬೇರೆ. ಕರಟಾನ ಗಾಳಿ ಆಡದ ಹಾಗೆ ಸುಟ್ಟು ಇದ್ದಿಲು ಮಾಡಿ, ಆಮೇಲೆ 800–900 ಡಿಗ್ರಿಲಿ ಹಬೆ ಹಾಯಿಸಿದ್ರೆ ಒಳಗೆಲ್ಲಾ ಕಣ್ಣಿಗೆ ಕಾಣದ ತೂತು ಬಿದ್ದು ಒಂದು ಗ್ರಾಂನಲ್ಲೇ ಹೆಚ್ಚುಕಮ್ಮಿ 1000 ಚದರ ಮೀಟರ್ ಮೇಲ್ಮೈ ಸಿಗುತ್ತೆ, ಬಣ್ಣ ಹೋಗಿ ಅದಕ್ಕೆ ಅಂಟ್ಕೊಳ್ಳುತ್ತೆ. ಹೊಟ್ಟನ್ನ ಫಾಸ್ಫಾರಿಕ್ ಆಸಿಡ್‌ನಲ್ಲಿ ನೆನೆಸಿ ಸುಟ್ರೆ 500 ಡಿಗ್ರಿನೇ ಸಾಕು, ಆದ್ರೆ ಆಸಿಡ್ ತೊಳೆದ ನೀರನ್ನ ಎಲ್ಲಿಗೆ ಬಿಡೋದು ಅನ್ನೋದು ಇನ್ನೊಂದು ತಲೆನೋವು.

ಸ್ಟೂಡೆಂಟ್ ಪ್ರಾಜೆಕ್ಟ್‌ಗಳಲ್ಲಿ ಸಾಮಾನ್ಯವಾಗಿ ಡಿಸ್ಟಿಲ್ಡ್ ವಾಟರ್‌ಗೆ ಮೆಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣ ಹಾಕಿ, ಕಾರ್ಬನ್ ಕಲಕಿ, ಬಣ್ಣ ಹೋಯ್ತು ಅಂತ ಗ್ರಾಫ್ ಹಾಕ್ತಾರೆ. ಹೋಗದೇ ಏನು, ಅದು ಪಾಸಿಟಿವ್ ಚಾರ್ಜ್ ಇರೋ ಚಿಕ್ಕ ಅಣು, ಸುಲಭದ ಗಿರಾಕಿ! ಹತ್ತಿ ಬಟ್ಟೆಗೆ ಹಾಕೋ ರಿಯಾಕ್ಟಿವ್ ಡೈ ಹಾಗಲ್ಲ, ಅದು ನೆಗೆಟಿವ್ ಚಾರ್ಜಿಂದು, ಅಣುವೂ ದೊಡ್ಡದು, ಕರಟದ ಕಾರ್ಬನ್ನಿನ ತೀರಾ ಸಣ್ಣ ತೂತುಗಳಲ್ಲಿ ನುಗ್ಗೋಕೆ ತಿಣುಕುತ್ತೆ. ಮೇಲಿಂದ ಆ ನೀರಲ್ಲಿ ರಾಶಿ ಉಪ್ಪು, ವಾಷಿಂಗ್ ಸೋಡಾ. ಉಪ್ಪನ್ನ ಕಾರ್ಬನ್ ಮುಟ್ಟೋದೂ ಇಲ್ಲ. ನೀರು ತಿಳಿಯಾಗಿ ಕಾಣ್ತು, ಕೆರೆಗೆ ಬಿಟ್ವಿ ಅಂದ್ರೆ ಆ ಉಪ್ಪಿನ ವಿಷಯ ಗದ್ದೆಯವನಿಗೆ ಗೊತ್ತಾಗೋದು ಪೈರು ಸೊರಗಿದಾಗ್ಲೇ.

ಅದಕ್ಕೇ ಕೇಳ್ತಿರೋದು, ಮಲ್ನಾಡ್ ಇಂಜಿನಿಯರಿಂಗ್ ಕಾಲೇಜಿನಂಥವರನ್ನೂ ಮಾಲಿನ್ಯ ನಿಯಂತ್ರಣ ಮಂಡಳಿಯವರನ್ನೂ ಒಟ್ಟಿಗೆ ಕೂರಿಸಿ, ಯಾವುದಾದ್ರೂ ಡೈಯಿಂಗ್ ಯೂನಿಟ್ಟಿನ ನೀರು ತರಿಸಿ, ಕಾರ್ಬನ್ ತುಂಬಿದ ಕಾಲಮ್ಮಲ್ಲಿ (ಉದ್ದ ಕೊಳವೆಯಲ್ಲಿ) ಬಿಟ್ಟು, ಎಷ್ಟು ಲೀಟರ್ ಆದ್ಮೇಲೆ ಬಣ್ಣ ಆಚೆ ಬರೋಕೆ ಶುರುವಾಗುತ್ತೆ ಅಂತ ಅಳೆಸಿ. ಕರಟದ್ದೂ ಹೊಟ್ಟಿಂದೂ ಎರಡನ್ನೂ ನೋಡ್ಲಿ. ಬಣ್ಣ ಹೀರಿ ಸೋತ ಕಾರ್ಬನ್ನನ್ನ ತಿಪ್ಪೆಗೆ ಸುರಿಯೋ ಹಾಗಿಲ್ಲ, ಅದನ್ನ ಮತ್ತೆ ಕಾಯಿಸಿ ಬಳಸೋ ಖರ್ಚು ಯಾರದು ಅಂತ ಮೊದಲೇ ಬರೆಸ್ಕೊಳ್ಳಿ, ಇಲ್ಲಾಂದ್ರೆ ಆಮೇಲೆ ಅದು ನಗರಸಭೆ ತಲೆಗೇ ಬರೋದು.

ದುಡ್ಡು ಯಾವ ಹೆಡ್ಡಲ್ಲಿ ಸಿಗುತ್ತೆ ಅನ್ನೋದು ನಿಮ್ಮ ಪಿಎಗೆ ಗೊತ್ತಿರುತ್ತೆ. ರಿಸಲ್ಟ್ ಕೆಟ್ಟದಾಗಿ ಬಂದ್ರೂ ಪರ್ವಾಗಿಲ್ಲ, ಮುಚ್ಚಿಡದೆ ಕನ್ನಡದಲ್ಲಿ ಹಾಕ್ಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ