ಸಾಯ್ ಅಂದರೆ ಸಾಯೋದಲ್ಲ

ಲಿಸ್ಬನ್, ನವೆಂಬರ್ 9

ತೀರ್ಥರೂಪು ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ನಾಲ್ಕು ದಿನದಿಂದ ಮಳೆ, ಬಟ್ಟೆ ಒಣಗುತ್ತಿಲ್ಲ.

"ಭಾಷೆ ಬಂತೇನೇ?" ಅಂತ ಕೇಳಿದ್ದಿರಿ. ಪೋರ್ಚುಗೀಸ್ ಪದ ಬಂದಿವೆ, ಒತ್ತು ಬಂದಿಲ್ಲ. ನಮ್ಮ ಒತ್ತಕ್ಷರದ ಒತ್ತಲ್ಲ, ದನಿಯ ಒತ್ತು. ಹೋದ ವಾರ ಮನೆ ಓನರ್ ತಮ್ಮ ಪೆಟ್ಟಿಗೆಗಳು ಬಂದವಾ ಎಂದು ಕೇಳಿದರು. ಬಂದಿದ್ದವು, ಮೆಟ್ಟಿಲ ಕೆಳಗೆ ನಾನೇ ಇಟ್ಟಿದ್ದೆ. ನಡುವಿನ 'ಗಾ' ಒತ್ತಿ 'ಶೆಗಾರಾಂವ್' ಅಂದರೆ 'ಬಂದವು'. ನಾನು ಕೊನೆಯದನ್ನು ಒತ್ತಿ 'ಶೆಗರಾಂವ್' ಅಂದುಬಿಟ್ಟೆ. ಅದು 'ಮುಂದೆ ಬರುತ್ತವೆ'. ಪಾಪ, ಎರಡು ದಿನ ಕಾದರು! ಎರಡರಲ್ಲೂ ಮೂರೇ ಅಕ್ಷರ, ಕೊನೆಯ ಮೂಗುದನಿಯೂ ಒಂದೇ. ಬರವಣಿಗೆಯಲ್ಲಾದರೆ ಭವಿಷ್ಯತ್ತಿನ ರೂಪದ ತಲೆ ಮೇಲೆ ಅಲೆಯಂಥ ಗೆರೆ ಇರುತ್ತದೆ, ಗೊತ್ತಾಗುತ್ತದೆ. ಬಾಯಲ್ಲಿ ಗೆರೆ ಎಲ್ಲಿಂದ ತರಲಿ?

ನೀವು ಕಲಿಸಿದ ಲಘು ಗುರು ಇಲ್ಲಿ ನಡೆಯಲ್ಲ. ಒಂದೇ ಧಾತುವಿನಲ್ಲಿ ಒತ್ತು ಜಾಗ ಬದಲಿಸುತ್ತದೆ: 'ಮಾತಾಡುತ್ತೇನೆ' ಅನ್ನುವ 'ಫಾಲು'ವಿನಲ್ಲಿ ಮೊದಲ ಅಕ್ಷರಕ್ಕೆ, 'ಮಾತಾಡುತ್ತಿದ್ದೆವು' ಅನ್ನುವ 'ಫಲಾವಮುಶ್'ನಲ್ಲಿ ಎರಡನೆಯದಕ್ಕೆ. ಒತ್ತು ಬೀಳದ ಸ್ವರವನ್ನು ಇಲ್ಲಿನವರು ನುಂಗಿಯೇ ಬಿಡುತ್ತಾರೆ. ಬ್ರೆಜಿಲಿನವರು ಇಷ್ಟು ನುಂಗುವುದಿಲ್ಲ, ಅವರ ಮಾತು ನನಗೆ ಬೇಗ ತಿಳಿಯುತ್ತದೆ.

ಮೊದಲ ತಿಂಗಳು ಪಕ್ಕದ ಮನೆಯಾಕೆ ಬೆಕ್ಕಿಗೆ "ಸಾಯ್! ಸಾಯ್!" ಅಂತ ಕಿರುಚಿದರೆ ಎದೆ ಧಸಕ್ ಅನ್ನುತ್ತಿತ್ತು. 'ಆಚೆ ಹೋಗು' ಅಂತ ಅರ್ಥವಂತೆ. 'ಅವನು ಆಚೆ ಹೋಗುತ್ತಾನೆ' ಅನ್ನುವುದಕ್ಕೂ ಅದೇ ರೂಪ. ಅದು ಒಂದೇ ಅಕ್ಷರ. ಬರೆಯುವಾಗ ಅದರ ಕೊನೆಯ 'i' ಮೇಲೆ ಓರೆಗೆರೆ ಎಳೆದರೆ ಎರಡಾಗಿ ಒಡೆಯುತ್ತದೆ: ಸ-ಈ, 'ನಾನು ಆಚೆ ಹೋದೆ'. ಬೀಳುವುದೂ ಹಾಗೇ. 'ಕಾಯ್' ಅಂದರೆ ಬೀಳುತ್ತಾನೆ, 'ಕ-ಈ' ಅಂದರೆ ನಾನು ಬಿದ್ದೆ. ನನ್ನ ನಾಲಿಗೆ ಎರಡು ಸ್ವರ ಪಕ್ಕಪಕ್ಕ ಕೂರಲು ಬಿಡುವುದೇ ಇಲ್ಲ, ನಡುವೆ ಯಕಾರ ತೂರಿಸಿ 'ಸಯೀ' ಅನ್ನುತ್ತದೆ. ಮನೆ ಅನ್ನು, ಮನೆಯನ್ನು ಅಂತ ಬೆತ್ತ ಹಿಡಿದು ಆಗಮಸಂಧಿ ಬಾಯಿಪಾಠ ಮಾಡಿಸಿದವರು ನೀವೇ, ಈಗ ಟೀಚರ್ ಹತ್ತಿರ ಬೈಸಿಕೊಳ್ಳುವುದು ನಾನು.

ಅಮ್ಮನ ಮಂಡಿನೋವು ಹೇಗಿದೆ? ಚಟ್ನಿಪುಡಿ ಮುಗಿಯುತ್ತಾ ಬಂತು. ಕಳಿಸಿದರೆ ಓನರ್ ವಿಳಾಸಕ್ಕೇ ಕಳಿಸಿ. ಬಂದಾಗ 'ಶೆಗಾರಾಂವ್' ಅಂತ ಅವರೇ ಸರಿಯಾಗಿ ಹೇಳುತ್ತಾರೆ.

ಇಂತಿ ನಿಮ್ಮ ಪ್ರೀತಿಯ ಮಗಳು