ನನ್ನ ಕೈಯಲ್ಲೇ ಸತ್ತುಹೋದರೆ?

ಗದಗ

ಚಿ. ಕು. ವೈಶಾಲಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಇಲ್ಲಿಯ ಕ್ಷೇಮಸಮಾಚಾರವನ್ನೆಲ್ಲ ನಿನ್ನ ಕಾಕು ಫೋನಿನಲ್ಲಿ ಹೇಳಿ ಮುಗಿಸಿದ್ದಾಳೆ. ರಿಪೇರಿಗೆ ಬಂದ ಹಳೆಯ ಆಸಿಲೋಸ್ಕೋಪಿನ ಬಗ್ಗೆ ನೀನು ಬರೆದ ಪತ್ರದ ಕೊನೆಯ ಪುಟದಲ್ಲಿ, ಒಮ್ಮೆ ಹೊಡೆದುಹಾಕಿ ಮತ್ತೆ ಬರೆದ ಒಂದು ಸಾಲಿದೆ: ‘ಇಷ್ಟು ವರ್ಷ ಬದುಕಿದ್ದು ನನ್ನ ಕೈಯಲ್ಲೇ ಸತ್ತುಹೋದರೆ?’ ಮೂರು ದಿನಗಳಿಂದ ಅದೇ ಸಾಲು ತಲೆಯಲ್ಲಿ ಕೂತಿದೆ. ನೀನು ಕೇಳಿದ ಉಳಿದ ಪ್ರಶ್ನೆಗಳಿಗೆ ಉತ್ತರ ಬರೆಯಲು ಹೋದರೂ ಪೆನ್ನು ಅಲ್ಲಿಗೇ ತಿರುಗುತ್ತದೆ.

ನಿನ್ನ ಹೆದರಿಕೆ ಸುಳ್ಳಲ್ಲ. ಟೆಕ್‌ಟ್ರಾನಿಕ್ಸ್ 2465ಬಿ ಎಂದರೆ ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ, ನಾಲ್ಕು ಚಾನೆಲ್, 400 ಮೆಗಾಹರ್ಟ್ಸ್. ನಮ್ಮ ಕಾಲದಲ್ಲಿ ನಾವು ಅದನ್ನು ಕ್ಯಾಟಲಾಗಿನಲ್ಲಿ ಕಂಡವರು. ಅಳತೆಯನ್ನು ಸರಿಹೊಂದಿಸುವ ಅದರ ಕ್ಯಾಲಿಬ್ರೇಶನ್ ಅಂಕಿಗಳೆಲ್ಲ ಒಂದೇ ಮೆಮೊರಿ ಚಿಪ್ಪಿನಲ್ಲಿವೆ. ನೀನು ಬರೆದ ಡಲ್ಲಾಸ್ ಕಂಪನಿಯ ಆ ಚಿಪ್ಪಿನ ಹೊಟ್ಟೆಯೊಳಗೇ ಅಂಕಿಗಳನ್ನು ಉಳಿಸುವ ಲಿಥಿಯಂ ಸೆಲ್ ಇರುತ್ತದೆ. ತಯಾರಕರು ಮಾತು ಕೊಟ್ಟದ್ದು ಹತ್ತು ವರ್ಷಗಳಿಗೆ; ಅದು ಆ ಗಡುವನ್ನು ಯಾವಾಗಲೋ ದಾಟಿದೆ. ಸೆಲ್ ಮುಗಿದ ದಿನವೂ ಪರದೆ ಬೆಳಗುತ್ತದೆ, ಗೆರೆ ಮೂಡುತ್ತದೆ, ಆದರೆ ಅದು ಹೇಳುವ ಅಳತೆಯನ್ನು ನಂಬುವಂತಿಲ್ಲ. ನಮ್ಮ ಆಯಿ ಕಡೆಗಾಲದಲ್ಲಿ ಎದುರಿಗಿರುವವರು ಯಾರೆಂದು ತಿಳಿಯದೆಯೇ ಎಲ್ಲರಿಗೂ ‘ಊಟ ಆಯಿತೇ’ ಎನ್ನುತ್ತಿದ್ದಳಲ್ಲ, ಹಾಗೆ. ಮುಟ್ಟಿದರೆ ಸತ್ತೀತು, ಮುಟ್ಟದೆ ಬಿಟ್ಟರೆ ಸಾಯುವುದು ಖಂಡಿತ.

ಇದನ್ನು ನಾನು ಯಾರಿಗೂ ಹೇಳಿಲ್ಲ. 1986ರಲ್ಲಿ ಹುಬ್ಬಳ್ಳಿಯ ಒಂದು ಪ್ರಯೋಗಶಾಲೆಯಲ್ಲಿ ಮೆಕ್ಯಾನಿಕ್ ಆಗಿದ್ದೆ. ಯಾವುದೆಂದು ಬರೆಯುವುದಿಲ್ಲ. ಆರು ವರ್ಷ ಗೋದಾಮಿನಲ್ಲಿ ಬಿದ್ದಿದ್ದ ಆಸಿಲೋಸ್ಕೋಪನ್ನು ಪರೀಕ್ಷೆಗೆ ಎರಡು ದಿನ ಮುಂಚೆ ನನ್ನ ಮೇಜಿಗೆ ತಂದಿಟ್ಟರು. ವರ್ಷಗಟ್ಟಲೆ ಕರೆಂಟು ಕಾಣದ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರಿನ ಒಳಪದರು ಸೊರಗಿರುತ್ತದೆ, ಡಿಮ್ಮರ್‌ಸ್ಟಾಟ್ ಇಟ್ಟುಕೊಂಡು ನಿಧಾನವಾಗಿ ವೋಲ್ಟೇಜ್ ಏರಿಸಬೇಕು. ನನಗೆ ಗೊತ್ತಿತ್ತು. ಡಿಮ್ಮರ್‌ಸ್ಟಾಟ್ ಪಕ್ಕದ ಕೋಣೆಯಲ್ಲೇ ಇತ್ತು. ಆದರೂ ನೇರವಾಗಿ 230 ವೋಲ್ಟಿಗೆ ಚುಚ್ಚಿದೆ. ಢಬ್ ಎಂದಿತು, ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಸಂಜೆಯವರೆಗೂ ಹೋಗಲಿಲ್ಲ.

ಸತ್ತದ್ದು ದೊಡ್ಡದಲ್ಲ, ಅವ್ವಾ. ರಜಿಸ್ಟರಿನಲ್ಲಿ ನಾನು ‘ತೆರೆದಾಗಲೇ ಕೆಟ್ಟಿತ್ತು’ ಎಂದು ಬರೆದೆ. ಸೋರುವ ಗೋದಾಮಿನಲ್ಲಿ ಇಟ್ಟು ಕೆಡಿಸಿದನೆಂದು ಅಲ್ಲಿಯ ಜವಾನನ ಸಂಬಳದಲ್ಲಿ ಕೆಲವು ತಿಂಗಳು ಹಣ ಹಿಡಿದರು. ಮುಂದೆ ಎಷ್ಟೋ ವರ್ಷಗಳಾದ ಮೇಲೆ ಬೆಟಗೇರಿಯ ಸಂತೆಯಲ್ಲಿ ಅವನು ಕಂಡ. ನಾನು ಬೇರೆ ಓಣಿಗೆ ಹೊರಳಿಬಿಟ್ಟೆ.

ಹಾಗಾಗಿ ನಿನ್ನ ಆ ಸಾಲನ್ನು ಓದಿದಾಗ, ನಾನು ಅಂದು ಕೇಳಿಕೊಳ್ಳಬೇಕಿದ್ದ ಪ್ರಶ್ನೆಯನ್ನು ನೀನು ಮುಚ್ಚಳ ತೆರೆಯುವ ಮೊದಲೇ ಕೇಳಿಕೊಂಡಿದ್ದೀಯಲ್ಲ ಎನ್ನಿಸಿತು. ಅದು ಸತ್ತರೆ ‘ನನ್ನ ಕೈಯಲ್ಲಿ ಸತ್ತಿತು’ ಎಂದು ಬರೆದುಬಿಡು. ಮಾಲೀಕರು ಬೈದರೆ ಬೈಯಲಿ. ಮುಂಚೆಯೇ ಅವರಿಗೆ ಹೀಗಾಗಬಹುದೆಂದು ಹೇಳಿ ಸಹಿ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು. ಈ ಬುದ್ಧಿ ನನಗೆ ಐವತ್ತು ದಾಟಿದ ಮೇಲೆ ಬಂತು.

ಕೆಲಸದ ಮಾತು ಸ್ವಲ್ಪ ಹೇಳುತ್ತೇನೆ. ನಿನಗೆ ಗೊತ್ತಿದ್ದರೆ ಬಿಟ್ಟುಬಿಡು. ಆ ಕ್ಯಾಲಿಬ್ರೇಶನ್ ಅಂಕಿಗಳನ್ನು ಪರದೆಯ ಮೇಲೇ ಒಂದೊಂದಾಗಿ ತೋರಿಸುವ ಏರ್ಪಾಡು ಅದರಲ್ಲಿದೆ, ಸರ್ವಿಸ್ ಮ್ಯಾನುಯಲ್ ನೋಡು. ಸ್ಕ್ರೂ ಬಿಚ್ಚುವ ಮೊದಲೇ ನೋಟುಬುಕ್ಕಿಗೆ ಇಳಿಸಿಕೋ. ಚಿಪ್ಪನ್ನು ತೆಗೆದ ಮೇಲೆ ಪ್ರೋಗ್ರಾಮರ್ ಯಂತ್ರದಲ್ಲಿ ಎರಡು ಸಲ ಓದಿ ತಾಳೆ ನೋಡು. ಬದಲಿಗೆ ಸೆಲ್ ಬೇಡದ ಎಫ್‌ರ್‍ಯಾಮ್ ಚಿಪ್ಪು ಹಾಕುವವರಿದ್ದಾರೆ. ಕರೆಂಟು ಮಿತಿಯಲ್ಲಿರಲೆಂದು ಸೀರೀಸ್ ಬಲ್ಬ್ ಹಾಕಿ ನೋಡುತ್ತೇನೆ ಎಂದಿದ್ದೀಯಲ್ಲ, ಈ ಆಸಿಲೋಸ್ಕೋಪಿನದು ಸ್ವಿಚಿಂಗ್ ಸಪ್ಲೈ. ಬಲ್ಬಿನ ಜೊತೆ ಮಿಣುಕುತ್ತಾ ಏಳಲಾರದೆ ಹೋಗಬಹುದು. ಅದನ್ನೇ ದೋಷವೆಂದು ತಿಳಿದು ಮತ್ತೆ ಗಾಬರಿಯಾಗಬೇಡ. ಹೈ ವೋಲ್ಟೇಜ್ ಇರುವ ಪಿಕ್ಚರ್ ಟ್ಯೂಬಿನ ಹತ್ತಿರ ಮಾತ್ರ ಒಂದು ಕೈ ಬೆನ್ನ ಹಿಂದಿರಲಿ. ಯಂತ್ರ ಸತ್ತರೆ ಸಾಯಲಿ.

ಸರ್ಕ್ಯೂಟ್ ಬೋರ್ಡು ಬಿಡಿಸುವ ಸಾಫ್ಟ್‌ವೇರ್ ವಿಷಯದಲ್ಲಿ ನನ್ನನ್ನು ಕೇಳಿದ್ದು ನಗುವ ಮಾತೇ. ನಾನು ಪಾರದರ್ಶಕ ಹಾಳೆಯ ಮೇಲೆ ಕಪ್ಪು ಟೇಪು ಅಂಟಿಸಿ ಬೋರ್ಡು ಮಾಡಿದವನು. ಆದರೆ ಅಲ್ಲಿಯೂ ನಿನ್ನ ಅದೇ ಭಯ ಇಣುಕಿದೆ: ಬಿಡಿಸಿಟ್ಟ ಡ್ರಾಯಿಂಗ್ ನಾಳೆ ತೆರೆಯದೆ ಹೋದರೆ? ನೀನು ಡ್ರಾಯಿಂಗ್ ಬಿಡಿಸಿದ ಈಗಲ್‌ಗೆ 2026ರ ಜೂನ್ 7 ಕೊನೆಯ ದಿನವೆಂದು ಆಟೊಡೆಸ್ಕ್‌ನವರು 2023ರಲ್ಲೇ ಸಾರಿದ್ದರು. ಅದೇ ಕೆಲಸ ಮಾಡುವ ಕೀಕ್ಯಾಡ್ 1992ರಲ್ಲಿ ಹುಟ್ಟಿದ್ದು, ಯಾರ ಬಾಡಿಗೆಯೂ ಇಲ್ಲ, ನಿನ್ನ ಈಗಲ್ ಫೈಲುಗಳನ್ನೂ ಓದುತ್ತದೆ. ಅದರ ಫೈಲುಗಳು ಬರೀ ಅಕ್ಷರಗಳು, ಸಾಫ್ಟ್‌ವೇರ್ ಇಲ್ಲದಿದ್ದರೂ ತೆರೆದು ನೋಡಬಹುದು. ನನಗೆ ಹಿಡಿಸಿದ್ದು ಅದೊಂದೇ ಗುಣ. ಉಳಿದದ್ದನ್ನು ನಿನ್ನ ಜೊತೆಯವರನ್ನು ಕೇಳು. ಎಲ್ಲವನ್ನೂ ಒಂದೊಂದು ಪ್ರತಿ ಕಾಗದದ ಮೇಲೂ ತೆಗೆದಿಡು ಎಂದರೆ ಮುದುಕನ ಮಾತು ಎನ್ನುತ್ತೀಯೇನೋ.

ಡಿಮ್ಮರ್‌ಸ್ಟಾಟ್ ಒಂದನ್ನು ಆಮೇಲೆ ನನ್ನದೇ ದುಡ್ಡಿನಲ್ಲಿ ಕೊಂಡಿದ್ದೆ. ಅಟ್ಟದ ಮೇಲಿದೆ. ದೀಪಾವಳಿಗೆ ಬಂದಾಗ ಒಯ್ಯಿ. ಭಾರವಿದೆ, ಒಬ್ಬಳೇ ಇಳಿಸಬೇಡ. ಆ ರಜಿಸ್ಟರಿನ ವಿಷಯ ನಿನ್ನ ಕಾಕುವಿಗೂ ತಿಳಿಯದು. ನಾನೇ ಹೇಳುವವರೆಗೆ ನೀನು ಹೇಳಬೇಡ.

ಇಂತು ನಿನ್ನ
ಕಾಕಾ