ಗೇಟಿನ ಹತ್ತಿರ ನಾನೂ ಇರುತ್ತೇನೆ

ಪ್ರೀತಿಯ ಪುಟ್ಟು,

ಹೋದ ತಿಂಗಳು ಗೃಹಪ್ರವೇಶದಲ್ಲಿ ನೀನು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಬೇರೆ ಯಾರೂ ನೋಡಲಿಲ್ಲ. ನಾನು ನೋಡಿದೆ, ಯಾಕೆಂದರೆ ಎಷ್ಟೋ ವರ್ಷ ನಾನೂ ಹಾಗೇ ಹಿಡಿದವನು. ಟೈಲರ್ ಕೈ ಬೆಳಿಗ್ಗೆ ನಡುಗಿದರೆ ಹೇಗಿರುತ್ತದೆ ಹೇಳು. ಸೂಜಿಗೆ ದಾರ ಪೋಣಿಸಲು ಅಂಗಡಿ ಹುಡುಗನನ್ನು ಕರೆಯುತ್ತಿದ್ದೆ. "ಕಣ್ಣು ಮಂಜಾಗಿದೆ ಕಣೋ" ಅನ್ನುತ್ತಿದ್ದೆ. ಒಂದು ಕ್ವಾರ್ಟರ್ ಒಳಗೆ ಹೋದರೆ ಕಣ್ಣು ತಾನಾಗಿ ಸರಿಹೋಗುತ್ತಿತ್ತು!

ಬೈಯೋದಕ್ಕೆ ಬರೆಯುತ್ತಿಲ್ಲ. ಅದಕ್ಕೆ ಮನೆ ತುಂಬ ಜನ ಇದ್ದಾರೆ. "ಮಾವ, ನಾಳೆಯಿಂದ ನಾನೇ ಬಿಡ್ತೀನಿ" ಅಂತ ಫೋನಲ್ಲಿ ಅಂದೆಯಲ್ಲ, ಅದನ್ನು ಕೇಳಿ ಭಯವಾಯಿತು. ದಿನಾ ಜಾಸ್ತಿ ಕುಡಿಯುವವರು ಒಂದೇ ಸಲ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣಿಸಬಹುದು. ಜೀವಕ್ಕೇ ಅಪಾಯ. ಹಾಗಾಗಿ ಮೊದಲು ಡಾಕ್ಟರ್. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಒಂದು ವಿಭಾಗ ಇದೆ. ಎಷ್ಟು ಕುಡಿಯುತ್ತೀಯ ಅಂತ ಕೇಳಿದರೆ ಅರ್ಧ ಮಾಡಿ ಹೇಳಬೇಡ. ನಾನು ಹಾಗೆ ಹೇಳಿ ಅನುಭವಿಸಿದ್ದೇನೆ.

ಮಾತ್ರೆಯಿಂದ ಮೈ ನಡುಕ ನಿಂತಿತು. ಆದರೆ ಸಂಜೆ ಏಳು ಗಂಟೆ ಆಗುತ್ತದಲ್ಲ, ಅದಕ್ಕೆ ನನಗೆ ಮಾತ್ರೆ ಸಾಲಲಿಲ್ಲ. ಅದಕ್ಕೇ ಮೀಟಿಂಗಿಗೆ ಹೋದೆ.

ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕು ಅನ್ನೋರೇ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಕೂಟ, ಎಲ್ಲರೂ ಎ.ಎ. ಅನ್ನುತ್ತಾರೆ. ಬೆಂಗಳೂರಲ್ಲಿ ಬೇಕಾದಷ್ಟು ಗುಂಪುಗಳಿವೆ. ಕನ್ನಡದ್ದು, ತಮಿಳಿನದು, ಇಂಗ್ಲಿಷಿನದು ಬೇರೆ ಬೇರೆ. ಯಾವ ಏರಿಯಾ, ಯಾವ ವಾರ ಅನ್ನೋ ಪಟ್ಟಿ ನೆಟ್‌ನಲ್ಲೇ ಸಿಗುತ್ತದೆ. ಆದರೂ ಹೊರಡುವ ಮುಂಚೆ ಫೋನ್ ಮಾಡು, ಜಾಗ ಸಮಯ ಆಗಾಗ ಬದಲಾಗುತ್ತದೆ. 'ಓಪನ್' ಮೀಟಿಂಗಿಗೆ ಹೆಂಡತಿಯನ್ನೂ ಕರೆದುಕೊಂಡು ಹೋಗಬಹುದು, 'ಕ್ಲೋಸ್ಡ್' ನಮ್ಮಂಥವರಿಗೆ ಮಾತ್ರ. ಫೀಸಿಲ್ಲ. ಕುಡಿತ ಬಿಡಬೇಕು ಅನ್ನೋ ಆಸೆ ಒಂದಿದ್ದರೆ ನೀನು ಮೆಂಬರ್. ಕೊನೆಯಲ್ಲಿ ಒಂದು ಡಬ್ಬ ಬರುತ್ತದೆ, ಇದ್ದರೆ ಹತ್ತೋ ಇಪ್ಪತ್ತೋ ಹಾಕು, ಇಲ್ಲದಿದ್ದರೆ ಪಕ್ಕದವನಿಗೆ ದಾಟಿಸು. ಎಷ್ಟೋ ಕಡೆ ಚರ್ಚಿನ ರೂಮಲ್ಲಿ ನಡೆಯುತ್ತದೆ. ಜಾಗ ಸಿಗುತ್ತದೆ ಅಂತ ಅಷ್ಟೆ, ಅಕ್ಕ ಅಂದುಕೊಂಡ ಹಾಗೆ ಮತ ಬದಲಾಯಿಸೋದಕ್ಕಲ್ಲ.

ನನ್ನ ಮೊದಲ ದಿನವೂ ಚರ್ಚಿನಲ್ಲೇ. ಕಾಂಪೌಂಡಿಗೆ ಮೂರು ಸುತ್ತು ಹಾಕಿದೆ. ಒಳಗೆ ಹೋಗಿ ಏನಂತ ಕೇಳೋದು? "ಕುಡುಕರ ಮೀಟಿಂಗ್ ಎಲ್ಲಿ" ಅಂತಲೇ? ವಾಚ್‌ಮನ್ ಹತ್ತಿರ ಹೋಗಿ ಬಾಯಿ ತೆರೆಯುವಷ್ಟರಲ್ಲಿ ಅವನೇ "ಹಿಂದುಗಡೆ ರೂಮು ಸಾರ್" ಅಂದ. ನನ್ನ ಮುಖದ ಮೇಲೇ ವಿಳಾಸ ಬರೆದಿತ್ತೋ ಏನೋ. ಹತ್ತು ಹನ್ನೆರಡು ಪ್ಲಾಸ್ಟಿಕ್ ಕುರ್ಚಿ. ಬಾಗಿಲ ಪಕ್ಕದ್ದರಲ್ಲಿ ಕೂತೆ, ಓಡಿಹೋಗಲು ಸುಲಭ ಅಂತ. ಒಬ್ಬ ಎದ್ದು ಹೆಸರು ಹೇಳಿ, "ನಾನೊಬ್ಬ ಆಲ್ಕೋಹಾಲಿಕ್" ಅಂದು ತಾನು ಬಾಟಲಿ ಎಲ್ಲಿ ಬಚ್ಚಿಡುತ್ತಿದ್ದೆ ಅನ್ನೋದನ್ನು ಹೇಳಿದ. ಎಲ್ಲರೂ ನಕ್ಕರು. ಅವನು ಎಲ್ಲಿಡುತ್ತಿದ್ದ ಅಂತ ನಿನಗೆ ಬರೆಯೋದಿಲ್ಲ, ಅಲ್ಲಿ ಕೇಳಿದ್ದು ಅಲ್ಲೇ ಇರಬೇಕು. ನನ್ನದು ಹೇಳುತ್ತೇನೆ: ಲೈನಿಂಗ್ ಬಟ್ಟೆಯ ಸುರುಳಿಯೊಳಗೆ. ನಿನ್ನ ಅತ್ತೆಗೆ ಇವತ್ತಿಗೂ ಗೊತ್ತಿಲ್ಲ.

ಅವತ್ತು ನಾನು ಒಂದು ಮಾತೂ ಆಡಲಿಲ್ಲ. ಯಾರೂ ಬಲವಂತ ಮಾಡಲಿಲ್ಲ. ನೀನೂ ಸುಮ್ನೆ ಕೂತು ಬಾ. ಒಂದು ಗುಂಪು ಹಿಡಿಸದಿದ್ದರೆ ಎ.ಎ.ಯೇ ಬೇಡ ಅನ್ನಬೇಡ, ಇನ್ನೊಂದು ಏರಿಯಾಗೆ ಹೋಗು. ನನಗೆ ಮೂರನೆಯದು ಕೂಡಿಬಂತು. ನಿಜ ಹೇಳಬೇಕೆಂದರೆ ಮೀಟಿಂಗಿಗಿಂತ ಅದು ಮುಗಿದ ಮೇಲೆ ರಸ್ತೆಬದಿಯಲ್ಲಿ ಕುಡಿದ ಟೀ ನನ್ನನ್ನು ಉಳಿಸಿತು. ಫೋನ್ ನಂಬರ್ ಸಿಗೋದು ಅಲ್ಲೇ. ರಾತ್ರಿ ಹನ್ನೊಂದಕ್ಕೆ ನಿಮ್ಮಮ್ಮನಿಗೆ ಫೋನ್ ಮಾಡಿ "ಕುಡೀಬೇಕು ಅನ್ನಿಸ್ತಿದೆ" ಅನ್ನೋಕಾಗುತ್ತಾ? ಅವರಿಗೆ ಮಾಡಬಹುದು.

ಇದು ಶುರುವಾದದ್ದೂ ಒಂದು ಫೋನಿನಿಂದಲೇ. 1935ರಲ್ಲಿ ಅಮೆರಿಕದ ಆಕ್ರನ್ ಊರಿಗೆ ಬಿಲ್ ವಿಲ್ಸನ್ ಅನ್ನೋರು ವ್ಯವಹಾರಕ್ಕೆ ಹೋಗಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರ ಕೆಟ್ಟಿತು, ಹೋಟೆಲಿನಲ್ಲಿ ಬಾರ್ ಕರೆಯುತ್ತಿತ್ತು. ಅವರು ಬಾರಿಗೆ ಹೋಗದೆ ಫೋನ್ ಹಿಡಿದು, ಮಾತಾಡಲು ಇನ್ನೊಬ್ಬ ಕುಡುಕನನ್ನು ಹುಡುಕಿದರು. ಸಿಕ್ಕವರು ಡಾಕ್ಟರ್ ಬಾಬ್, ಸರ್ಜನ್. ಆ ಡಾಕ್ಟರು ಕೊನೆಯ ಸಲ ಕುಡಿದದ್ದು ಜೂನ್ 10ರಂದು, ಒಂದು ಬಿಯರ್. ಯಾಕೆ ಗೊತ್ತಾ? ಆಪರೇಷನ್ ಇತ್ತು, ಕೈ ನಡುಗುತ್ತಿತ್ತು. ಇದನ್ನು ಕೇಳಿದ ದಿನ ನನ್ನ ಸೂಜಿ ನೆನಪಾಯಿತು.

ಎ.ಎ. ಒಂದೇ ದಾರಿ ಅಂತಲ್ಲ. ನಮ್ಮ ಪಕ್ಕದ ಮನೆಯವರು ಧರ್ಮಸ್ಥಳದವರ ಮದ್ಯವರ್ಜನ ಶಿಬಿರದಲ್ಲಿ ಬಿಟ್ಟರು. ಶಿಬಿರ ಆದಮೇಲೂ ನವಜೀವನ ಸಮಿತಿ ಅಂತ ಸೇರುತ್ತಾರೆ. ಒಟ್ಟಿನಲ್ಲಿ ಒಬ್ಬನೇ ಇರಬೇಡ. ಏನೂ ತೋಚದಿದ್ದರೆ 14446ಕ್ಕೆ ಫೋನ್ ಮಾಡು, ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ. ನಿನ್ನ ಹೆಂಡತಿಗೆ ಅಲ್-ಅನಾನ್ ಅಂತ ಇದೆ, ಮನೆಯವರಿಗೇ ಇರುವ ಗುಂಪು. ಹೋಗು ಅಂತ ನೀನು ಒತ್ತಾಯ ಮಾಡಬೇಡ, ಇದೆ ಅಂತ ಹೇಳು ಸಾಕು.

ಡಾಕ್ಟರನ್ನು ಈ ವಾರವೇ ನೋಡು. ಭಾನುವಾರ ಬೆಳಗಿನ ರೈಲಿಗೆ ತುಮಕೂರಿನಿಂದ ಬರುತ್ತೇನೆ. ಕ್ಲೋಸ್ಡ್ ಮೀಟಿಂಗ್ ಆದರೂ ನನ್ನನ್ನು ಒಳಗೆ ಬಿಡುತ್ತಾರೆ, ನಾನೂ ಅದೇ ಜಾತಿ. ನೀನು ಕಾಂಪೌಂಡಿಗೆ ಮೂರು ಸುತ್ತು ಹಾಕಿದರೆ ಜೊತೆಗೆ ನಾನೂ ಹಾಕುತ್ತೇನೆ, ಮಂಡಿನೋವು ಇದ್ದರೂ. ಹಾಂ, ಪ್ಯಾಂಟೆಲ್ಲ ಸಡಿಲ ಆಗಿದೆ ಅಂತ ಅಕ್ಕ ಹೇಳಿದಳು. ಟೇಪು ತರುತ್ತೇನೆ, ಹೊಸ ಅಳತೆ ತಗೋಬೇಕು.

ನಿನ್ನ ಮಾವ